ಅಪ್ಪ ಆಡಿದ ಕ್ಲಬ್ಬಿಗೇ ಮಗ: ಈಗ ಬೆಲೆ ಜಾಸ್ತಿ

ಆಸ್ಟ್ರೇಲಿಯಾದ ಫುಟ್‌ಬಾಲ್ ಲೀಗ್ ಎಎಫ್‌ಎಲ್‌ನಲ್ಲಿ ಕ್ಲಬ್ಬುಗಳು ಪ್ರತಿವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ: ಕೆಳಗಿನ ಸ್ಥಾನದ ತಂಡಕ್ಕೆ ಮೊದಲ ಸರದಿ, ಸರದಿ ಮುಂದಿದ್ದಷ್ಟೂ ಕೋಷ್ಟಕದಲ್ಲಿ ಅದಕ್ಕೆ ಹೆಚ್ಚು ಪಾಯಿಂಟು. ಆದರೆ ಅಪ್ಪ ಒಂದು ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ, ಮಗನ ಮೇಲೆ ಆ ಕ್ಲಬ್ಬಿಗೆ ಮೊದಲ ಹಕ್ಕು. ಹಾಗಂತ ಪುಕ್ಕಟೆಯಲ್ಲ. ಬೇರೆ ಕ್ಲಬ್ ಯಾವ ಸರದಿಯಲ್ಲಿ ಅವನ ಹೆಸರು ಕೂಗುತ್ತದೋ, ಆ ಸರದಿಯ ಪಾಯಿಂಟುಗಳನ್ನು ತನ್ನ ಸರದಿಗಳಿಂದ ಕಟ್ಟಬೇಕು.

2021ರಲ್ಲಿ, ಕಾಲಿಂಗ್‌ವುಡ್ ಕ್ಲಬ್ಬಿಗೆ ಆಡಿದ್ದ ಪೀಟರ್ ಡೇಕಾಸ್ ಮಗ ನಿಕ್ ಡೇಕಾಸ್ ಹೆಸರನ್ನು 4ನೇ ಸರದಿಯಲ್ಲಿ ಗೋಲ್ಡ್ ಕೋಸ್ಟ್ ಕ್ಲಬ್ ಕೂಗಿತು. ಬೆಲೆ 2,034 ಪಾಯಿಂಟು, ಅಪ್ಪನ ಕ್ಲಬ್ಬಿಗೆ ಆಗಿದ್ದ ಶೇ 20 ರಿಯಾಯಿತಿ ಕಳೆದರೆ 1,627. ಕಾಲಿಂಗ್‌ವುಡ್ ಕೊಟ್ಟಿದ್ದು 38, 40, 42, 44ನೇ ಸರದಿಗಳು: 465, 429, 395, 362, ಒಟ್ಟು 1,651. ಯಾರೂ ಕಣ್ಣೆತ್ತಿ ನೋಡದ ನಾಲ್ಕು ಚಿಲ್ಲರೆ ಸರದಿಗೆ ಆ ತಲೆಮಾರಿನ ಅತ್ಯುತ್ತಮ ಮಿಡ್‌ಫೀಲ್ಡರ್! ಪಟ್ಟಿಯಲ್ಲಿ ಕೆಳಗೆ ಬಿದ್ದ ತಂಡಗಳಿಗೆ ಇದು ಅನ್ಯಾಯವೇ.

2025ರಲ್ಲಿ ರಿಯಾಯಿತಿ ಶೇ 10ಕ್ಕೆ ಇಳಿಯಿತು. ಹಳೆಯ ಕೋಷ್ಟಕ ಹಿಡಿದು ನೋಡಿದರೂ ಅದೇ ಹುಡುಗನಿಗೆ 1,831 ಬೇಕಾಗುತ್ತಿತ್ತು, 180 ಕೊರತೆ. ಕೊರತೆ ಬಿದ್ದರೆ ಮುಂದಿನ ವರ್ಷದ ಸರದಿ ಹಿಂದೆ ಜಾರುತ್ತದೆ. ಜೊತೆಗೆ ಕೋಷ್ಟಕವೂ ಬದಲಾಗಿ ಕೊನೆಯ ಸರದಿಗಳ ಬೆಲೆ ಕುಸಿದಿದೆ, ಇನ್ನೂ ಹಿಂದಿನವಕ್ಕೆ ಸೊನ್ನೆ. ಹಾಗಾಗಿ ಒಂದು ಒಳ್ಳೆಯ ಸರದಿಯನ್ನು ಬೇರೆ ಕ್ಲಬ್ಬುಗಳ ಮೂರ್ನಾಲ್ಕು ಸಣ್ಣವಕ್ಕೆ ಬದಲಿಸಿ ಪಾಯಿಂಟು ಕೂಡಿಸುವ ಹಳೆಯ ಉಪಾಯ ಈಗ ಗಿಟ್ಟುವುದು ಕಷ್ಟ.

ಉತ್ತರದ ರಾಜ್ಯಗಳ ಕ್ಲಬ್ಬುಗಳು ತಮ್ಮ ಕಡೆಯ ಹುಡುಗರನ್ನು ಬೆಳೆಸಿ, ಹೀಗೆಯೇ ಪಾಯಿಂಟು ಕಟ್ಟಿ ಉಳಿಸಿಕೊಳ್ಳುವ ಅಕಾಡೆಮಿಗಳಿಗೂ ಇದರ ಪೆಟ್ಟು ಇದೆ. 2023ರಲ್ಲಿ ಗೋಲ್ಡ್ ಕೋಸ್ಟ್ ತನ್ನ ಅಕಾಡೆಮಿಯ ನಾಲ್ವರನ್ನು ಮೊದಲ ಸುತ್ತಿನಲ್ಲೇ ಉಳಿಸಿಕೊಂಡಿತ್ತು. ರಗ್ಬಿ ಲೀಗ್ ಬೇರೂರಿರುವ ಕ್ವೀನ್ಸ್‌ಲ್ಯಾಂಡಿನಲ್ಲಿ ಹುಡುಗರನ್ನು ಬೆಳೆಸುವುದು ಸುಲಭವಲ್ಲ. ಅವರಿಗೂ ಒಂದೇ ರಿಯಾಯಿತಿ ಸರಿಯೇ ಅನ್ನುವುದು ನನ್ನನ್ನು ಇನ್ನೂ ಕಾಡುತ್ತಿದೆ.