ನಿಮ್ಮ ಯೂಫೋರ್ಬಿಯಾ ತುಂಬಾ ಹೂವು, ನಮ್ಮದರಲ್ಲಿ ಬರೀ ಮುಳ್ಳು, ಯಾಕೆ?

ಮನೆಗೆ ಬಂದವರು ಟೆರೇಸ್ ಹತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಜೊತೆಗೆ ಇನ್ನೊಂದು ಬಾಲ: "ಏನು ಗೊಬ್ಬರ ಹಾಕ್ತೀರಿ?" ನಾನು ಗೊಬ್ಬರದ ಮಾತೇ ಎತ್ತುವುದಿಲ್ಲ. ನಿಮ್ಮ ಗಿಡ ಎಲ್ಲಿಟ್ಟಿದ್ದೀರಿ ಅಂತ ಕೇಳುತ್ತೇನೆ. ಹಾಲ್‌ನಲ್ಲಿ, ಟಿವಿ ಪಕ್ಕ. ಅಲ್ಲಿಗೆ ಅರ್ಧ ಉತ್ತರ ಮುಗಿಯಿತು.

ಇದು ಮಡಗಾಸ್ಕರ್ ದ್ವೀಪದ ಗಿಡ, ಬಿಸಿಲಲ್ಲೇ ಹುಟ್ಟಿ ಬೆಳೆದದ್ದು. ಯೂಫೋರ್ಬಿಯಾ ಮಿಲಿ ಅಂತ ಪೂರ್ತಿ ಹೆಸರು. 1821ರಲ್ಲಿ ಇದನ್ನು ಫ್ರಾನ್ಸಿಗೆ ತಲುಪಿಸಿದ ಮಿಲಿಯಸ್ ಎಂಬ ಗವರ್ನರನ ನೆನಪಿಗೆ ಇಟ್ಟದ್ದು. ಮುಳ್ಳು ನೋಡಿ ಕ್ಯಾಕ್ಟಸ್ ಅಂದುಕೊಳ್ಳುವವರೇ ಜಾಸ್ತಿ, ಆದರೆ ಇದರ ನೆಂಟಸ್ತಿಕೆ ನಮ್ಮೂರ ಬೇಲಿಯ ಬೊಂತೆಗಳ್ಳಿ ಜೊತೆ. ಕಡ್ಡಿ ಮುರಿದು ನೋಡಿ, ಅದೇ ಕಳ್ಳಿ ಹಾಲು.

ಹೂವು ಬೇಕಿದ್ದರೆ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ಕೋಣೆ ನಮ್ಮ ಕಣ್ಣಿಗೆ ಬೆಳಕಾಗಿ ಕಂಡರೆ ಸಾಲದು, ಕುಂಡದ ನೆರಳು ನೆಲದ ಮೇಲೆ ಗೆರೆ ಎಳೆದ ಹಾಗೆ ಬೀಳಬೇಕು. ಹಾಗಂತ ಇವತ್ತೇ ಎತ್ತಿಕೊಂಡು ಹೋಗಿ ಬಿಸಿಲಿಗಿಡಬೇಡಿ. ನಾನು ಒಂದು ಏಪ್ರಿಲ್‌ನಲ್ಲಿ ಹಾಗೆ ಮಾಡಿ, ಮೂರೇ ದಿನಕ್ಕೆ ಎಲೆಗಳೆಲ್ಲ ಬೆಳ್ಳಗಾಗಿ ಸುಟ್ಟ ಹಪ್ಪಳದ ಥರ ಆಗಿದ್ದವು. ಮೊದಲು ಬೆಳಗಿನ ಬಿಸಿಲು, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹತ್ತು ದಿನದಲ್ಲಿ ಪೂರ್ತಿ ಬಿಸಿಲಿಗೆ ತನ್ನಿ.

ಆದರೂ ನನ್ನ ಗಿಡ ಸತ್ತದ್ದು ಬಿಸಿಲಿಗಲ್ಲ, ನೀರಿಗೆ. ನರ್ಸರಿಯಿಂದ ತಂದ ಒಂದು ಕೆಂಪು ಹೂವಿನ ಗಿಡ, ಜುಲೈ ಮಳೆಯಲ್ಲಿ ಎಲೆ ಉದುರಿಸಲು ಶುರು ಮಾಡಿತು. ಬಾಯಾರಿರಬೇಕು ಅಂತ ಇನ್ನಷ್ಟು ನೀರು ಹಾಕಿದೆ. ಬುಡ ಹಿಸುಕಿದರೆ ಬಾಳೆಹಣ್ಣಿನಷ್ಟು ಮೆತ್ತಗೆ. ಕುಂಡ ಬೋರಲು ಹಾಕಿದಾಗ ಗೊತ್ತಾಯಿತು: ಬೇರಿನ ಸುತ್ತ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ, ಹಿಂಡಿದರೆ ನೀರು ಸೋರುತ್ತಿತ್ತು. ಕಷ್ಟ ಏನೆಂದರೆ ನೀರು ಕಡಿಮೆಯಾದರೂ ಇದು ಎಲೆ ಉದುರಿಸುತ್ತದೆ, ಜಾಸ್ತಿಯಾದರೂ ಉದುರಿಸುತ್ತದೆ. ಎಲೆ ನೋಡಿ ತೀರ್ಮಾನ ಮಾಡಬೇಡಿ, ಮಣ್ಣು ನೋಡಿ. ಉರಿದು ಮುಗಿದ ಊದುಬತ್ತಿಯ ಕಡ್ಡಿ ಇರುತ್ತಲ್ಲ, ಅದನ್ನು ಕುಂಡದೊಳಗೆ ಚುಚ್ಚಿ ತೆಗೆಯುತ್ತೇನೆ. ಮಣ್ಣು ಅಂಟಿಕೊಂಡು ಬಂದರೆ ಆವತ್ತು ನೀರಿಲ್ಲ. ನಮ್ಮ ಬೆಂಗಳೂರಿನ ಟೆರೇಸಿನಲ್ಲಿ ಏಪ್ರಿಲ್‌ನಲ್ಲಿ 2 ದಿನಕ್ಕೊಮ್ಮೆ ಬೇಕಾಗುತ್ತದೆ, ಆಗಸ್ಟ್‌ನಲ್ಲಿ ಕೆಲವು ಸಲ 15 ದಿನ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಪುತ್ತೂರಿನಲ್ಲಿರುವ ನನ್ನ ಅಕ್ಕನಂತೂ ಜೂನ್ ಬಂದ ಕೂಡಲೇ ಕುಂಡಗಳನ್ನೆಲ್ಲ ಜಗಲಿಯ ಅಂಚಿಗೆ, ಮಾಡಿನ ಕೆಳಗೆ ಸಾಲಾಗಿ ಇಟ್ಟುಬಿಡುತ್ತಾಳೆ.

ಮಣ್ಣಿಗೆ ನನ್ನ ಲೆಕ್ಕ ಸುಲಭ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಇಟ್ಟಿಗೆ ಚೂರು. ಯೂರಿಯಾ ಥರದ್ದು ಸುರಿದರೆ ಎಲೆ ಮಾತ್ರ ಸೊಂಪಾಗಿ ಬರುತ್ತದೆ. ಗೊಬ್ಬರದ ಪ್ರಶ್ನೆಗೆ ಇಷ್ಟೇ ಉತ್ತರ.

ಇನ್ನು ಹೂವು ಅಂತ ನಾವು ಕರೆಯುವುದು ಹೂವೇ ಅಲ್ಲ ಗೊತ್ತಾ? ಬಣ್ಣದ ಆ ಎರಡು ಪಕಳೆಗಳು ನಿಜವಾಗಿ ಎಲೆಗಳು, ಬೋಗನ್‌ವಿಲ್ಲಾದಲ್ಲಿ ಇರುವ ಹಾಗೆ. ನಡುವೆ ಸಾಸಿವೆ ಕಾಳಿನಷ್ಟು ಹಳದಿ ಇದೆಯಲ್ಲ, ಹೂವು ಇರುವುದು ಅದರಲ್ಲಿ. ಪಕಳೆ ಎಲೆಯಾಗಿರುವುದರಿಂದಲೇ ವಾರಗಟ್ಟಲೆ ಬಾಡದೆ ನಿಲ್ಲುತ್ತದೆ. ಗೊಂಚಲು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಉದ್ದಕ್ಕೆ ಬೆಳೆದು ಬೋಳಾದ ಕೋಲಿನ ನಡುವೆ ಹೂವು ಕಾಯುತ್ತಾ ಕೂತರೆ ಪ್ರಯೋಜನ ಇಲ್ಲ. ತುದಿ ಕತ್ತರಿಸಿ, ಪಕ್ಕದಿಂದ ಕವಲು ಒಡೆಯುತ್ತದೆ, ತುದಿಗಳು ಹೆಚ್ಚಾದಷ್ಟೂ ಗೊಂಚಲು ಹೆಚ್ಚು.

ಕತ್ತರಿಸುವಾಗ ಮಾತ್ರ ಗ್ಲೌಸ್ ಇರಲಿ. ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ಆಟ ಅಲ್ಲ, ತುಂಬಾ ಹೊತ್ತು ನೀರಲ್ಲಿ ತೊಳೆದು ಡಾಕ್ಟರ್ ಹತ್ತಿರ ಹೋಗಬೇಕು. ಸಣ್ಣ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಕೈಗೆ ಸಿಗದ ಕಡೆ ಇಡಿ. ಕತ್ತರಿಸಿದ ತುದಿಯನ್ನು ಎಸೆಯಬೇಡಿ. ಹಾಲು ನಿಲ್ಲುವವರೆಗೆ ನೀರಲ್ಲಿ ಅದ್ದಿ, ನೆರಳಲ್ಲಿ ನಾಲ್ಕೈದು ದಿನ ಒಣಗಲು ಬಿಟ್ಟು, ಮರಳು ಜಾಸ್ತಿ ಇರುವ ಮಣ್ಣಿಗೆ ನೆಡಿ. ಹಸಿ ಗಾಯ ನೆಟ್ಟರೆ ಕೊಳೆಯುತ್ತದೆ.

ಹಿಟ್ಟು ತಿಗಣೆ, ಅಂದರೆ ಹಿಟ್ಟು ಚೆಲ್ಲಿದ ಹಾಗೆ ಕಾಣುವ ಬಿಳಿ ಹುಳ, ಬಂದರೆ ಹಳೇ ಟೂತ್‌ಬ್ರಷ್‌ನಲ್ಲಿ ಸೋಪಿನ ನೀರು ಹಾಕಿ ಉಜ್ಜುತ್ತೇನೆ. ಮುಳ್ಳಿನ ಸಂದಿಯಲ್ಲಿ ಬೆರಳು ಹೋಗಲ್ಲ, ಬ್ರಷ್ ಹೋಗುತ್ತದೆ.

ಮುಳ್ಳಿನ ಗಿಡ ಮನೆಯಲ್ಲಿಟ್ಟರೆ ಜಗಳ ಆಗುತ್ತಂತೆ, ಅಲ್ವಾ ಅಂತಲೂ ಕೇಳುತ್ತಾರೆ. ಥಾಯ್ಲೆಂಡಿನಲ್ಲಿ ಇದೇ ಗಿಡ ಅದೃಷ್ಟದ ಗಿಡ. ಅಲ್ಲಿ ಇದನ್ನು ಪೋಯ್ ಸಿಯಾನ್ ಅನ್ನುತ್ತಾರೆ, ಚೀನೀ ಕಥೆಗಳ ಎಂಟು ಸಿದ್ಧರ ಹೆಸರು ಅದು. ನರ್ಸರಿಗಳಲ್ಲಿ ಸಿಗುವ ದಪ್ಪ ಕಾಂಡದ, ದೊಡ್ಡ ಹೂವಿನ ಹೈಬ್ರಿಡ್‌ಗಳು ಆ ಕಡೆಯವರು ಬೆಳೆಸಿದ್ದೇ. ನಮ್ಮನೆಯಲ್ಲಿ ಜಗಳ ಆಗುವುದು ಈ ಕುಂಡಗಳು ಬಟ್ಟೆ ಒಣಹಾಕುವ ಜಾಗ ತಿಂದಿವೆ ಅಂತ, ಅಷ್ಟೇ.

ಕೊಂಬೆ ಬೇಕಿದ್ದವರು ಫೆಬ್ರವರಿ ಕಳೆದ ಮೇಲೆ ಕೇಳಿ. ಮಳೆಯಲ್ಲಿ ನಾನು ಕತ್ತರಿ ಮುಟ್ಟುವುದಿಲ್ಲ.