ವಿಡಿಯಾ ಉಂಗುರ

ಮಗನ ಮದುವೆ ಉಂಗುರ ಮೊನ್ನೆ ಅಂಚೆ ಡಬ್ಬಿಗೆ ಬಂದು ಬಿದ್ದಿತ್ತು. ಗ್ಯಾಸ್ ಬಿಲ್ಲು, ಪಿಜ್ಜಾ ಅಂಗಡಿಯ ಕೂಪನ್ನು, ಅವುಗಳ ನಡುವೆ ಒಂದು ಪುಟ್ಟ ಪ್ಯಾಕೆಟ್ಟು. ಒಡೆದು ನೋಡು ಅಂತ ಅವನೇ ಫೋನ್ ಮಾಡಿ ಹೇಳಿದ್ದ. ಒಳಗೆ ಬೂದು ಬಣ್ಣದ ಒಂದು ಉಂಗುರ. ಕಲ್ಲಿಲ್ಲ, ಕೆತ್ತನೆಯಿಲ್ಲ. ಬಿಲ್ಲು ನೋಡಿದರೆ 60 ಡಾಲರ್ ಕೂಡ ಇಲ್ಲ.

ನಮ್ಮಲ್ಲಿ ಮದುವೆ ಬಂಗಾರ ಅಂದರೆ ಒಂದಿಡೀ ದಿನದ ಕೆಲಸ. ಅಂಗಡಿಯಲ್ಲಿ ಕುರ್ಚಿ ಎಳೆದುಕೊಂಡು ಕೂರಬೇಕು. ಅವರು ತರಿಸಿದ ಬಾದಾಮಿ ಹಾಲು ಕುಡಿಯಬೇಕು. ತೂಕದ ಯಂತ್ರದ ಕೆಂಪು ಅಂಕಿಯ ಮೇಲೆ ಕಣ್ಣಿಟ್ಟು, ವೇಸ್ಟೇಜು ಜಾಸ್ತಿ ಆಯ್ತು ಅಂತ ಎದ್ದು ಹೊರಟ ಹಾಗೆ ಮಾಡಿ, ಮತ್ತೆ ಕೂರಬೇಕು. ಇಲ್ಲಿ ಸೊಸೆಯಾಗುವ ಹುಡುಗಿ ಸೋಫಾ ಮೇಲೆ ಕಾಲು ಚಾಚಿಕೊಂಡು ಫೋನಿನಲ್ಲೇ ಆರ್ಡರ್ ಮಾಡಿ ಮುಗಿಸಿದ್ದಾಳೆ.

ಹುಡುಗಿ ಈ ಮಿಶಿಗನ್‌ನವಳೇ. ಟ್ರಾಯ್‌ನ ದೇವಸ್ಥಾನದಲ್ಲಿ ಧಾರೆ, ಮಾರನೇ ದಿನ ಅವರ ಚರ್ಚಿನಲ್ಲಿ ಉಂಗುರ. ಧಾರೆ ಬಗ್ಗೆ ಯಾರದ್ದೂ ತಕರಾರಿಲ್ಲ. ತಲೆನೋವು ಶುರುವಾದದ್ದು ಉಂಗುರದಿಂದ.

ಮಗನ ಕೆಲಸ ಕಾರಿನ ಬ್ಯಾಟರಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. 400 ವೋಲ್ಟ್, 800 ವೋಲ್ಟ್ ಬ್ಯಾಟರಿಯ ಮುಂದೆ ನಿಲ್ಲುವವನು ಮೈಮೇಲೆ ಯಾವ ಲೋಹವನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಅಜ್ಜಿ ಕಟ್ಟಿಸಿದ ಬೆಳ್ಳಿ ಉಡಿದಾರವೂ ಅದಕ್ಕೇ ಬಿಚ್ಚಿ ಬೀರು ಸೇರಿದೆ. ಹಾಗಾಗಿ ಕೆಲಸಕ್ಕೆ ಒಂದು ಸಿಲಿಕೋನ್ ಉಂಗುರ, ಉಳಿದ ಹೊತ್ತಿಗೆ ಒಂದು ಲೋಹದ್ದು. ದಿನಾ ಬಿಚ್ಚಿ ಹಾಕುವ ಉಂಗುರಕ್ಕೆ ಸಾವಿರಾರು ಡಾಲರ್ ಯಾಕೆ ಅನ್ನುವುದು ಅವನ ವಾದ. ಇಲ್ಲಿನ ಚಳಿಗೆ ಬೆರಳು ಬೇರೆ ಸಣ್ಣಗಾಗುತ್ತೆ. ಗ್ಲೌಸ್ ಎಳೆಯುವಾಗ ಉಂಗುರ ಜಾರಿ ಹಿಮದಲ್ಲಿ ಬಿದ್ದರೆ, ಅದು ಕರಗುವ ತನಕ ಕಾಯಬೇಕು.

ನಾನು ಮೊದಲು ಬಂಗಾರದ್ದೇ ಕೊಡಿಸ್ತೀನಿ ಅಂದಿದ್ದೆ. ಇಲ್ಲಿ ಹೆಚ್ಚಾಗಿ ಸಿಗುವುದು 14 ಕ್ಯಾರೆಟ್. ನೂರಕ್ಕೆ 58.5 ಭಾಗ ಬಂಗಾರ, ಮಿಕ್ಕಿದ್ದು ಬೆಳ್ಳಿ, ತಾಮ್ರ, ಸತು. 916 ನೋಡಿ ಬೆಳೆದವರಿಗೆ ಅದು ಬಂಗಾರ ಅನ್ನಿಸೋದೇ ಇಲ್ಲ. ಅವರಿಬ್ಬರೂ ಕೂತು ಬೇರೆ ಲೋಹಗಳ ಪಟ್ಟಿಯನ್ನೇ ಮಾಡಿದ್ದರು. ಪ್ಲಾಟಿನಂ ಬೆಲೆ ನೋಡಿಯೇ ಬಿಟ್ಟರು. ಬಿಳಿ ಬಂಗಾರಕ್ಕೆ ರೋಡಿಯಂ ಲೇಪ ಇರುತ್ತೆ, ಅದು ಸವೆದರೆ ಒಳಗಿನ ಹಳದಿ ಇಣುಕುತ್ತೆ. ನಿಕಲ್ ಬೆರೆಸಿದ್ದರೆ ಕೆಲವರಿಗೆ ತುರಿಕೆ. ಟೈಟಾನಿಯಂ ಮೈಗೆ ಒಗ್ಗುತ್ತೆ, ಮುರಿದ ಮೂಳೆ ಕೂಡಿಸೋಕೂ ಅದನ್ನೇ ಹಾಕುತ್ತಾರೆ. ಆದರೆ ಅಪ್ಪಟ ಬಂಗಾರದ ಕಾಲು ಭಾಗದಷ್ಟೂ ತೂಗಲ್ಲ. ಹಾಕಿದ್ದೇನೆ ಅಂತ ಗೊತ್ತೇ ಆಗಲ್ಲ ಅಂತ ಮಗ ಮುಖ ಸಿಂಡರಿಸಿದ. ಕೊನೆಗೆ ಒಪ್ಪಿದ್ದು ಟಂಗ್‌ಸ್ಟನ್ ಕಾರ್ಬೈಡ್. ತೂಕದಲ್ಲಿ 18 ಕ್ಯಾರೆಟ್ ಬಂಗಾರದ ಹತ್ತಿರ ಹತ್ತಿರ ಬರುತ್ತೆ. ಗೀರು ಬೀಳಲ್ಲ. ಕಳೆದುಹೋದರೆ ಇನ್ನೊಂದು ತರಿಸಿದರಾಯ್ತು.

ಬೆಂಗಳೂರಿಗೆ ವಿಡಿಯೋ ಕಾಲ್ ಮಾಡಿ ಉಂಗುರ ತೋರಿಸಿದೆ.

"ಎಷ್ಟು ಗ್ರಾಂ?" ಅಮ್ಮನ ಮೊದಲ ಪ್ರಶ್ನೆ.

"ಇದಕ್ಕೆ ಗ್ರಾಂ ಲೆಕ್ಕ ಇಲ್ಲಮ್ಮ."

"ನಾಳೆ ಕಷ್ಟ ಅಂತ ಅಡವಿಟ್ರೆ ಏನು ಕೊಡ್ತಾರೆ?"

"ಏನೂ ಕೊಡಲ್ಲ."

"ಹಾಗಾದ್ರೆ ಶನಿ ಕಾಟಕ್ಕೆ ಕುದುರೆ ಲಾಳದ ಉಂಗುರ ಹಾಕ್ಕೊಂಡ ಹಾಗಾಯ್ತು ಬಿಡು."

ಅಷ್ಟರಲ್ಲಿ ಅಪ್ಪ ಫೋನ್ ಕಿತ್ತುಕೊಂಡರು. "ಕಾರ್ಬೈಡಾ? ಉಂಗುರಾನಾ?" ಅಂತ ಕೆಮ್ಮು ಬರುವಷ್ಟು ನಕ್ಕರು. ಅಪ್ಪ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಲೇತ್‌ನಲ್ಲಿ ಕಬ್ಬಿಣ ಕಡಿಯುವ ಟೂಲಿನ ತುದಿಗೆ ಬೆಸೆದಿರುವ ಚೂರು ಇದೆಯಲ್ಲ, ಅದೇ ಟಂಗ್‌ಸ್ಟನ್ ಕಾರ್ಬೈಡ್. ಬೆಂಗಳೂರಿನಲ್ಲಿ ಅದಕ್ಕೆ ವಿಡಿಯಾ ಅಂತಲೇ ಹೆಸರು. ತುಮಕೂರು ರಸ್ತೆಯಲ್ಲಿ ಅದರ ಕಾರ್ಖಾನೆಯೇ ಇತ್ತು. ಗೋಡೆ ಕೊರೆಯೋಕೆ ಬರುವ ಎಲೆಕ್ಟ್ರಿಷಿಯನ್ ಕೂಡ ವಿಡಿಯಾ ಬಿಟ್ ಅಂತಾನೆ. "ನೆಲಕ್ಕೆ ಬೀಳಿಸಬೇಡ ಅನ್ನು ಅವನಿಗೆ. ಗಟ್ಟಿ ಹೌದು, ಏಟು ತಡೆಯಲ್ಲ. ಚಟ್ ಅಂತ ಸಿಡಿಯುತ್ತೆ" ಅಂದರು. ಮೊಮ್ಮಗನ ಮದುವೆ ವಿಷಯದಲ್ಲಿ ಅವರು ಇಷ್ಟು ಹುರುಪು ತೋರಿಸಿದ್ದು ಇದೇ ಮೊದಲು.

(ನನ್ನ ಗಂಡ ಕೆಜಿಎಫ್ ಕಡೆಯವರು. 2001ರಲ್ಲಿ ಮುಚ್ಚಿದ ಆ ಚಿನ್ನದ ಗಣಿಯ ಸೈನೈಡ್ ದಿಬ್ಬಗಳಲ್ಲಿ, ಅಂದರೆ ಚಿನ್ನ ತೆಗೆದು ಸುರಿದ ಮಣ್ಣಿನ ಗುಡ್ಡೆಗಳಲ್ಲಿ, ಟಂಗ್‌ಸ್ಟನ್ ಅದಿರೂ ಇದೆ. "ಅತ್ತೆ, ಇದೂ ನಮ್ಮೂರಿನ ಮಾಲೇ" ಅಂತ ಹಿಂದಿನಿಂದ ಕೂಗಿದರು. ಅಮ್ಮ ಅಳಿಯನಿಗೆ ಎದುರು ಮಾತಾಡಲ್ಲ. ಕೇಳಿಸದವಳ ಹಾಗೆ ಇದ್ದಳು.)

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಕಾರು ಕಾರ್ಖಾನೆಯಲ್ಲಿ ಡೈ, ಅಂದರೆ ಲೋಹದ ಅಚ್ಚು, ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಹಿತ್ತಲಿನ ಟೊಮೇಟೊ ಕೊಡೋಕೆ ಬಂದಿದ್ದರು. ಉಂಗುರ ತೋರಿಸಿದೆ. ಅಂಗೈಯಲ್ಲಿಟ್ಟು ತೂಗಿ ನೋಡಿ, ಉಗುರಿನಿಂದ ಟಣ್ ಅಂತ ತಟ್ಟಿ, ಅಪ್ಪ ಹೇಳಿದ್ದನ್ನೇ ಹೇಳಿದರು. ಜೊತೆಗೆ ಇನ್ನೊಂದು: ಇದನ್ನು ದೊಡ್ಡದು, ಚಿಕ್ಕದು ಮಾಡೋಕೆ ಬರಲ್ಲ. ಬೆರಳು ಊದಿಕೊಂಡರೆ ಆಸ್ಪತ್ರೆಯಲ್ಲಿ ಬಂಗಾರದ ಉಂಗುರ ಕತ್ತರಿಸುವ ಗರಗಸ ಇದಕ್ಕೆ ತಾಗಲ್ಲ. ಕಚ್ಚಿ ಹಿಡಿಯುವ ಇಕ್ಕಳ ತಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ ಒಡೆಯಬೇಕು. ಮಾತಾಡುತ್ತಾ ತಮ್ಮ ಎಡಗೈ ಚಾಚಿದರು. ಉಂಗುರದ ಬೆರಳಿನ ಸುತ್ತ ಬೆಳ್ಳಗೆ ಒಂದು ಹಳೆಯ ಗಾಯದ ಗೆರೆ. ಹುಡುಗನಾಗಿದ್ದಾಗ ಲಾರಿಯಿಂದ ಹಾರಿದಾಗ ಉಂಗುರ ಕೊಂಡಿಗೆ ಸಿಕ್ಕಿಕೊಂಡು ಚರ್ಮವೇ ಕಿತ್ತು ಬಂದಿತ್ತಂತೆ. ಆಮೇಲೆ ಉಂಗುರವನ್ನು ಸರಕ್ಕೆ ಹಾಕಿ ಕತ್ತಿನಲ್ಲಿ ಇಟ್ಟುಕೊಂಡರು. ಹೆಂಡತಿ ಹೋದ ಮೇಲೂ ತೆಗೆದಿಲ್ಲ.

"ನಿಮ್ಮಪ್ಪನೂ ಲೇತ್ ಕೆಲಸದವರು ಅಂದ್ರಲ್ಲ, ಅವರ ಮದುವೆ ಉಂಗುರ ಯಾವುದರದ್ದು?" ಅಂತ ಕೇಳಿದರು.

ಅಪ್ಪ ಉಂಗುರ ಹಾಕಿದ್ದು ನಾನು ನೋಡೇ ಇಲ್ಲ ಅಂದೆ. ತಾತ ವರೋಪಚಾರದಲ್ಲಿ ಕೊಟ್ಟ ಉಂಗುರ ಬೀರುವಿನಲ್ಲಿರುತ್ತಿತ್ತು. ತಿರುಗುವ ಲೇತ್ ಮುಂದೆ ಅದನ್ನು ಹಾಕುವ ಹಾಗಿರಲಿಲ್ಲ.

"ಮತ್ತೆ ಅವರಿಗೆ ಮದುವೆ ಆಗಿದೆ ಅಂತ ಜನಕ್ಕೆ ಹೇಗೆ ಗೊತ್ತಾಗ್ತಿತ್ತು?"

ಅಮ್ಮನನ್ನು ನೋಡಿದರೆ ಗೊತ್ತಾಗ್ತಿತ್ತು ಅಂತ ಸಹಜವಾಗಿ ಹೇಳಿಬಿಟ್ಟೆ. ಕತ್ತಿನಲ್ಲಿ ಕರಿಮಣಿ, ತಾಳಿ, ಕಾಲಿನಲ್ಲಿ ಕಾಲುಂಗುರ, ಎಲ್ಲ ವಿವರಿಸಿದೆ. ನಮ್ಮ ಸಂಪ್ರದಾಯ ಹೇಳುವಾಗ ಇಲ್ಲಿನವರ ಮುಂದೆ ಸ್ವಲ್ಪ ಎದೆ ಉಬ್ಬುತ್ತೆ, ಅಲ್ವಾ?

ಅವರು ಟೊಮೇಟೊ ಬುಟ್ಟಿ ಕೆಳಗಿಟ್ಟು ಯೋಚಿಸಿದರು. "ಓಹೋ, ಅಂದ್ರೆ ನಿಮ್ಮಪ್ಪನ ಉಂಗುರಾನೂ ನಿಮ್ಮಮ್ಮನೇ ಹಾಕ್ಕೊಂಡಿದ್ರು" ಅಂದರು.

ಕೊಂಕಿಗೆ ಅಂದದ್ದಲ್ಲ. ಲೆಕ್ಕ ಬಿಡಿಸಿದವರ ಹಾಗೆ ಹೇಳಿ ಹೊರಟುಹೋದರು. ನನಗೆ ರಾತ್ರಿ ಅಡುಗೆ ಮಾಡುವಾಗಲೂ ಅದೇ ತಲೆಯಲ್ಲಿ.

1980ರ ಡಿಸೆಂಬರ್ ಕೊನೆಗೆ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ದೊಡ್ಡ ಮುಷ್ಕರ ಶುರುವಾಯಿತು. 1981ರ ಮಾರ್ಚ್‌ವರೆಗೂ ನಡೆಯಿತು. ಲಕ್ಷಕ್ಕೂ ಮೀರಿ ಜನ ಕೆಲಸಕ್ಕೆ ಹೋಗಲಿಲ್ಲ, ಸಂಬಳವಿಲ್ಲ. ನಾನಾಗ ಪ್ರೈಮರಿ ಶಾಲೆ. ಮನೆಯಿಂದ ಮೊದಲು ಅಡವಿಗೆ ಹೋದದ್ದು ಅಪ್ಪನ ಉಂಗುರ. ಅದು ಹೋದದ್ದು ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅಮ್ಮನ ಬಳೆ. ಕೊನೆಗೆ ಒಂದು ದಿನ ತಾಳಿ ಸರ.

ಅಂದು ಬೆಳಗ್ಗೆ ಅಮ್ಮ ಬಿಳಿ ದಾರಕ್ಕೆ ಅರಿಶಿನ ತೇಯ್ದು ಹಚ್ಚಿದಳು. ನಡುವೆ ಒಂದು ಅರಿಶಿನದ ಕೊಂಬು ಕಟ್ಟಿದಳು. ಅದನ್ನು ಕತ್ತಿಗೆ ಕಟ್ಟಿಕೊಂಡ ಮೇಲೆಯೇ ಬಂಗಾರ ಬಿಚ್ಚಿದ್ದು. ನಡುವೆ ಒಂದು ಕ್ಷಣವೂ ಕತ್ತು ಬರಿದಾಗಿರಲಿಲ್ಲ. ಬೇಸಿಗೆ ಬರುತ್ತಿದ್ದ ಹಾಗೆ ಬೆವರಿಗೆ ದಾರದ ಬಣ್ಣ ಬಿಟ್ಟು ಎಲ್ಲ ರವಿಕೆಗಳ ಕೊರಳೂ ಹಳದಿಯಾಯಿತು. ನಲ್ಲಿ ಹತ್ತಿರ ನೀರು ಹಿಡಿಯುವಾಗ ಸೆರಗನ್ನು ಎರಡೂ ಭುಜಕ್ಕೆ ಹೊದ್ದು ನಿಲ್ಲುತ್ತಿದ್ದಳು. ಆದರೂ ಯಾರೋ ಒಬ್ಬರು "ಎಲ್ಲಿಟ್ಟಿದ್ದೀರಿ, ಬಡ್ಡಿ ಎಷ್ಟು?" ಅಂತ ಕೇಳಿಯೇ ಕೇಳುತ್ತಿದ್ದರು. ಅಪ್ಪನನ್ನು ಯಾರೂ ಕೇಳಲಿಲ್ಲ. ಅವರ ಮೈಮೇಲೆ ಕೇಳುವಂಥದ್ದು ಏನೂ ಇರಲಿಲ್ಲವಲ್ಲ.

ಸರ ಬಿಡಿಸಿಕೊಂಡು ಬಂದರು. ಅಪ್ಪನ ಉಂಗುರ ಮುಳುಗಿಹೋಯಿತು.

ಇತ್ತೀಚೆಗೆ ಅಮ್ಮನಿಗೆ ಸೊಂಟದ ಎಂಆರ್‌ಐ ಆಯಿತು. ಮೈಮೇಲೆ ಲೋಹ ಇರಬಾರದು ಅಂದಾಗ, ಪರ್ಸಿನಿಂದ ಅರಿಶಿನ ದಾರ ತೆಗೆದು ಮೊದಲು ಕಟ್ಟಿಕೊಂಡಳಂತೆ. ಮನೆಯಿಂದಲೇ ರೆಡಿ ಮಾಡಿಕೊಂಡು ಹೋಗಿದ್ದಳು. ನನ್ನ ಮಗ ಲ್ಯಾಬಿಗೆ ಹೊರಡುವಾಗ ಸಿಲಿಕೋನ್ ಉಂಗುರ ಹಾಕುವುದೂ ಇದೂ ಒಂದೇ ಅಲ್ವಾ ಅಂತ ಕೇಳಿದರೆ ಒಪ್ಪಲ್ಲ. "ಅರಿಶಿನ ಬೇರೆ ಕಣೇ" ಅಂತಾಳೆ. ಇರಬಹುದು. ಅರಿಶಿನದ ಕೊಂಬಿಗೂ ಅಡವಿನ ಅಂಗಡಿಯಲ್ಲಿ ಏನೂ ಹುಟ್ಟಲ್ಲ ಅನ್ನುವುದನ್ನು ಮಾತ್ರ ನಾನು ಹೇಳಲಿಲ್ಲ.

ಪಕ್ಕದ ಮನೆಯವರ ಮಾತನ್ನು ಹೇಳಿದೆ. "ಅವರಿಗೇನು ಗೊತ್ತು ನಮ್ಮ ಪದ್ಧತಿ, ನನ್ನದು ನಾನು ಹಾಕ್ಕೊಂಡಿದ್ದೆ" ಅಂತ ಸಿಡುಕಿ ಫೋನ್ ಇಟ್ಟಳು. ಮರುದಿನ ತಾನೇ ಫೋನ್ ಮಾಡಿದಳು. ಕುಶಲ ಕೇಳಲಿಲ್ಲ, ಊಟ ಆಯ್ತಾ ಅಂತಲೂ ಇಲ್ಲ.

"ಅದೇ ಅಂಗಡೀಲಿ ನಿಮ್ಮಪ್ಪನಿಗೂ ಒಂದು ತರಿಸು."

"ಈ ವಯಸ್ಸಲ್ಲಾ?"

"ಈಗೇನು ಲೇತ್ ಓಡಿಸ್ತಾರಾ? ಹಾಕ್ಕೊಳ್ಳಲಿ."

ಬೆರಳಿನ ಅಳತೆ ದಾರ ಸುತ್ತಿ ಕಳಿಸಿ ಅಂದಿದ್ದೆ. ಅಪ್ಪ ಹಳೆಯ ವರ್ನಿಯರ್ ಹುಡುಕಿ ತೆಗೆದು, ಅದರ ಬಾಯಿಗೆ ಬೆರಳು ಕೊಟ್ಟು ಫೋಟೋ ಕಳಿಸಿದ್ದಾರೆ. ಕೆಳಗೆ ಬರೆದಿದ್ದಾರೆ: "ಗೆಣ್ಣು 22.4 ಮಿ.ಮೀ., ಬುಡ 19.6. ಟಾಲರೆನ್ಸ್ ಎಷ್ಟು ಇಡ್ತಾರೆ ಕೇಳು." ಮಗ ನೋಡಿ ತಲೆ ಆಡಿಸಿದ. ಇಂಥ ಗೆಣ್ಣಿಗೆ ಕಾರ್ಬೈಡ್ ಬೇಡ, ಊದಿಕೊಂಡರೆ ಕಷ್ಟ, ಟೈಟಾನಿಯಂ ಆದರೆ ಕತ್ತರಿಸೋಕಾದರೂ ಬರುತ್ತೆ ಅಂದ. ಅಪ್ಪ ಕೇಳುತ್ತಿಲ್ಲ. ಅವರಿಗೆ ವಿಡಿಯಾನೇ ಬೇಕಂತೆ.