ನಿಮ್ಮ ನೀರಡಿಕೆ ತೀರಿತೇ?

ಅಕ್ಕಮಹಾದೇವಿಯ ವಚನ ಪಾಠ ಮಾಡಿ ತರಗತಿಯಿಂದ ಹೊರಗೆ ಬಂದ ದಿನ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರು ಒಮ್ಮೆ ಸಹೋದ್ಯೋಗಿಗಳು, ಒಮ್ಮೆ ಮಕ್ಕಳ ತಾಯಂದಿರು. "ಮೇಡಂ, ತಪ್ಪು ತಿಳಿಯಬೇಡಿ. ವಚನವನ್ನು ಇಷ್ಟು ಮನಸ್ಸಿಟ್ಟು ಹೇಳುತ್ತೀರಿ, ಭಾನುವಾರ ಬಂದರೆ ಚರ್ಚಿಗೆ ಹೋಗುತ್ತೀರಿ. ಯೇಸುವಿನಲ್ಲಿ ನಿಮಗೆ ಸಿಕ್ಕಿದ್ದಾದರೂ ಏನು? ಒಳಗಿನ ನೀರಡಿಕೆ ನಿಜವಾಗಿ ತೀರಿತೇ?"

ಬಹಳ ವರ್ಷ ನಾನು "ಶಾಂತಿ ಸಿಕ್ಕಿದೆ" ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಸುಳ್ಳೇನಲ್ಲ. ಆದರೆ ಅಷ್ಟು ಆಸ್ಥೆಯಿಂದ ಕೇಳಿದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದ ಹಾಗಾಗುತ್ತಿತ್ತು. ಒಳಗೆ ಕರೆದು ಕೂರಿಸಿ ಹೇಳಬೇಕಾದ ಉತ್ತರ ಇಲ್ಲಿದೆ.

ಮೊದಲು ವಚನದ ಮಾತು. ದೇವರಿಗಾಗಿ ಪಡುವ ಆ ಹಂಬಲ ಕ್ರೈಸ್ತರಿಗಷ್ಟೇ ಸೇರಿದ್ದಲ್ಲ. ಹನ್ನೆರಡನೆಯ ಶತಮಾನದ ಅಕ್ಕ ದುಂಬಿಗಳನ್ನು, ಮಾಮರವನ್ನು, ಬೆಳುದಿಂಗಳನ್ನು, ಕೋಗಿಲೆಯನ್ನು ಕರೆದು, ನನ್ನ ಒಡೆಯನನ್ನು ಕಂಡರೆ ತೋರಿಸಿ ಎಂದು ಬೇಡುತ್ತಾಳೆ. ಬೈಬಲಿನ ಪರಮಗೀತದಲ್ಲಿ ಒಬ್ಬ ಹೆಣ್ಣು ರಾತ್ರಿ ಊರ ಬೀದಿಗಳಲ್ಲಿ ಅಲೆಯುತ್ತ, ನನ್ನ ಪ್ರಾಣಪ್ರಿಯನನ್ನು ಕಂಡಿರಾ ಎಂದು ಕಾವಲುಗಾರರನ್ನು ಕೇಳುತ್ತಾಳೆ. ಇಬ್ಬರೂ ಹೇಳುತ್ತಿರುವುದು ಒಂದೇ ಎಂದು ನಾನು ಹೇಳುವುದಿಲ್ಲ. ಅಕ್ಕನ ಬಾಯಲ್ಲಿ ನನ್ನ ಮತದ ಮಾತನ್ನು ತುರುಕಿದರೆ ಅದು ಅಕ್ಕನಿಗೆ ಮಾಡುವ ಅವಮಾನ. ಆದರೆ ಗಂಟಲು ಒಣಗುವುದು ಹೇಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಪಾಠ ಮಾಡುವಾಗ ನನ್ನ ದನಿ ನಡುಗುವುದು ಅದಕ್ಕೇ.

ಇನ್ನು ನೀರಿನ ಮಾತು. ಗದಗ-ಬೆಟಗೇರಿಯ ಕಡೆ ಬೆಳೆದವರಿಗೆ ನೀರಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ನಳಕ್ಕೆ ವಾರಕ್ಕೊಮ್ಮೆ ನೀರು ಬಂದರೆ ಹೆಚ್ಚು ಎನ್ನುವ ಬೇಸಿಗೆಗಳನ್ನು ಕಂಡವಳು ನಾನು. ನೀರು ಬಂದಿತೆಂದರೆ ನಡುರಾತ್ರಿಯಲ್ಲೂ ಓಣಿಯೆಲ್ಲ ಎದ್ದು ಕೂರುತ್ತಿತ್ತು. ಕೊಡ, ಬಕೆಟ್, ಪಾತೆಲಿ, ಕೊನೆಗೆ ಚಹಾದ ಗಿಂಡಿಯವರೆಗೂ ಎಲ್ಲವೂ ತುಂಬಬೇಕು. ತುಂಬಿಟ್ಟ ನೀರಿಗೆ ಒಂದು ಭಯ ಅಂಟಿಕೊಂಡಿರುತ್ತದೆ. ಎಷ್ಟು ತುಂಬಿದ್ದರೂ, ಮುಗಿದರೆ ಏನು ಗತಿ ಎಂಬ ಭಯ.

ಮನಸ್ಸಿನ ವಿಷಯದಲ್ಲಿಯೂ ನಾವು ಹೀಗೆಯೇ ತುಂಬಿಡುತ್ತೇವೆ ಎಂದು ನನಗೆ ಅನಿಸುತ್ತದೆ. ಒಳ್ಳೆಯ ಕೆಲಸ ಸಿಕ್ಕರೆ ಸಾಕು ಎಂದುಕೊಂಡೆ, ಸಿಕ್ಕಿತು. ಮನೆ, ಮಕ್ಕಳು, ಓದಿದ ಪುಸ್ತಕಗಳು, ಜನ ಕೊಟ್ಟ ಮರ್ಯಾದೆ, ಎಲ್ಲವೂ ಒಳ್ಳೆಯವೇ. ಆದರೂ ರಾತ್ರಿ ಕೊಡ ಅಲುಗಾಡಿಸಿ ನೋಡಿದರೆ ತಳದಲ್ಲಿ ಟಳಟಳ ಸದ್ದು. ಇಂದಿನ ಅಲ್ಜೀರಿಯಾದಲ್ಲಿ 354ರಲ್ಲಿ ಹುಟ್ಟಿದ ಕ್ರೈಸ್ತ ಚಿಂತಕ ಅಗಸ್ಟೀನ್, ಹೆಸರು, ವಿದ್ಯೆ, ಪ್ರೀತಿ ಎಲ್ಲವನ್ನೂ ಕಂಡಮೇಲೆ, ದೇವರೇ, ನಿನ್ನಲ್ಲಿ ನೆಲೆಗೊಳ್ಳುವವರೆಗೂ ನಮ್ಮ ಹೃದಯಕ್ಕೆ ನೆಮ್ಮದಿಯಿಲ್ಲ ಎಂದು ಬರೆದ. ಅದನ್ನು ಬರೆದದ್ದು ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗಿ ಹತ್ತು ವರ್ಷವಾದಮೇಲೆ. ಆಗಲೂ ತನ್ನ ಮನಸ್ಸು ಎಲ್ಲೆಲ್ಲಿ ಜಾರುತ್ತದೆ ಎಂಬುದನ್ನು ಒಂದೊಂದಾಗಿ ಒಪ್ಪಿಕೊಳ್ಳುತ್ತಾನೆ. ಒಮ್ಮೆ ನಂಬಿದರೆ ಸಾಕು, ಬದುಕು ತುಂಬಿ ತುಳುಕುತ್ತದೆ ಎಂದು ಬೋಧಿಸುವವರನ್ನು ಕೇಳಿದಾಗಲೆಲ್ಲ ನನಗೆ ಅಗಸ್ಟೀನನ ಆ ಪ್ರಾಮಾಣಿಕತೆ ನೆನಪಾಗುತ್ತದೆ.

ನನ್ನ ಉತ್ತರದ ತಿರುಳು ಇರುವುದು ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ. ಸಮಾರ್ಯದ ಸುಖರ್ ಎಂಬ ಊರು. ಯಾಕೋಬನ ಬಾವಿ. ನಡುಮಧ್ಯಾಹ್ನ. ನಡೆದು ದಣಿದ ಯೇಸು ಬಾವಿಯ ಬಳಿ ಕುಳಿತಿದ್ದಾನೆ, ಶಿಷ್ಯರು ಊಟದ ಪದಾರ್ಥ ತರಲು ಊರೊಳಗೆ ಹೋಗಿದ್ದಾರೆ. ಒಬ್ಬ ಹೆಂಗಸು ನೀರಿಗೆ ಬರುತ್ತಾಳೆ. ಯೇಸು ಅವಳಿಗೆ ಹೇಳುವ ಮೊದಲ ಮಾತು ಉಪದೇಶವಲ್ಲ. ಕುಡಿಯುವುದಕ್ಕೆ ನೀರು ಕೊಡು ಎಂದು ಕೇಳುತ್ತಾನೆ.

ಅವಳಿಗೆ ಗಾಬರಿ. ಯೇಸು ಯೆಹೂದ್ಯ, ಅವಳು ಸಮಾರ್ಯದವಳು. ಯೆಹೂದ್ಯರು ಸಮಾರ್ಯದವರ ಪಾತ್ರೆಯಲ್ಲಿ ನೀರು ಮುಟ್ಟುವವರಲ್ಲ. ನೀರಿನ ಪಾತ್ರೆಗೆ ಅಂಟಿಸಿದ ಮೈಲಿಗೆ ಏನೆಂದು ನಮಗೆ ಹೇಳಬೇಕೇ? ಒಂದು ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಅಂಬೇಡ್ಕರ್ ಮಹಾಡ್‌ನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಈ ಕಥೆಯನ್ನು ಓದುವಾಗ ನಮ್ಮ ನಾಡಿನ ಎಷ್ಟೋ ಜನರ ಗಂಟಲು ಕಟ್ಟುವುದು, ದೇವರು ತಮ್ಮ ಕೊಡದ ನೀರನ್ನು ಕೇಳಿದ ಎಂಬ ಒಂದೇ ಕಾರಣಕ್ಕೆ. ಅದೇ ಯೇಸುವಿನ ಹೆಸರು ಹೇಳುವ ಸಭೆಗಳಲ್ಲೂ ಜಾತಿ ಇನ್ನೂ ಉಸಿರಾಡುತ್ತಿದೆ ಎಂಬುದು ನನ್ನ ದೊಡ್ಡ ಸಂಕಟ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ನನಗೆ ಮನಸ್ಸಿಲ್ಲ.

ಅವಳು ಹೇಳುತ್ತಾಳೆ: ಸೇದುವುದಕ್ಕೆ ನಿನ್ನ ಹತ್ತಿರ ಏನೂ ಇಲ್ಲ, ಬಾವಿ ಆಳವಾಗಿದೆ. ಆಳ ಎಂದಳೆಂದರೆ ನಿಜವಾಗಿ ಆಳ. ಇಂದಿನ ನಾಬ್ಲುಸ್ ನಗರದ ಚರ್ಚೊಂದರೊಳಗೆ ಆ ಬಾವಿ ಈಗಲೂ ಇದೆ, ಸುಮಾರು 40 ಮೀಟರ್ ಇಳಿಯುತ್ತದೆ. ಹಗ್ಗ ಎಳೆದ ಕೈಗೆ ಮಾತ್ರ ಬರುವ ಮಾತು ಅದು. ಆಗ ಯೇಸು, ನಾನು ಕೊಡುವ ನೀರು ಕುಡಿದವನಲ್ಲಿ ಉಕ್ಕುವ ಒರತೆಯಾಗುತ್ತದೆ ಎನ್ನುತ್ತಾನೆ.

ಒರತೆ. ಈ ಪದ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಅಜ್ಜಿಯ ಹಳ್ಳಿಮನೆಯ ಹಿತ್ತಿಲಲ್ಲಿ ಒಂದು ಬಾವಿಯಿತ್ತು. ಒಂದು ಬೇಸಿಗೆ ಅದು ಬತ್ತಿದಾಗ ಕಾಕಾ ಹಗ್ಗ ಹಿಡಿದು ಇಳಿದು ಹೂಳು ತೆಗೆದರು. ಬುಟ್ಟಿ ಬುಟ್ಟಿ ಕಪ್ಪು ಕೆಸರು ಮೇಲೆ ಬಂತು, ಅದರ ಜೊತೆಗೆ ಕಳೆದುಹೋಗಿದ್ದ ಒಂದು ಹಿತ್ತಾಳೆಯ ತಂಬಿಗೆಯೂ ಬಂತು. ಸಂಜೆಯವರೆಗೂ ನೀರಿನ ಸುಳಿವಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಕೆಳಗಿನಿಂದ ಕಾಕಾ "ಕಣ್ಣು ತೆರೆಯಿತು!" ಎಂದು ಕೂಗಿದರು. ಬಗ್ಗಿ ನೋಡಿದೆ. ಕಂದೀಲಿನ ಬೆಳಕಿನಲ್ಲಿ ಕಲ್ಲಿನ ಸಂದಿನಿಂದ ದಾರದಷ್ಟು ಸಣ್ಣಗೆ ನೀರು ಜಿನುಗುತ್ತಿತ್ತು. ಅಷ್ಟೇ. ಬೆಳಿಗ್ಗೆ ಎದ್ದು ನೋಡಿದರೆ ಮೊಣಕಾಲಿನ ತನಕ ನೀರು.

ತೀರಿತೇ ಎಂಬ ಪ್ರಶ್ನೆಗೆ ನಾನು ಹೇಳಬೇಕಾದದ್ದು ಇದನ್ನೇ. ನನಗೆ ಸಿಕ್ಕಿದ್ದು ತುಂಬಿಟ್ಟ ಹಂಡೆಯಲ್ಲ, ಒರತೆ. ನೀರಡಿಕೆ ನನಗೆ ಇವತ್ತೂ ಆಗುತ್ತದೆ, ದಿನವೂ ಆಗುತ್ತದೆ. ಹೋದದ್ದು ಭಯ. ಮುಗಿದರೆ ಏನು ಗತಿ ಎಂಬ ಆ ಹಳೆಯ ಭಯ.

ಅದೂ ಒಮ್ಮೆಲೇ ಹೋಗಲಿಲ್ಲ. ಅವ್ವ ತೀರಿಕೊಂಡಮೇಲೆ ಎರಡು ವರ್ಷ ನನ್ನ ಪ್ರಾರ್ಥನೆ ಗೋಡೆಯ ಮುಂದೆ ಮಾತಾಡಿದ ಹಾಗಿತ್ತು. ಚರ್ಚಿನಲ್ಲಿ ಬಾಯಿ ಹಾಡುತ್ತಿತ್ತು, ಒಳಗೆ ಬರೀ ಹೂಳು. ಆ ದಿನಗಳಲ್ಲಿ ನನ್ನ ಜೊತೆಗಿದ್ದದ್ದು ಬೈಬಲಿನ 42ನೆಯ ಕೀರ್ತನೆ. ಬಾಯಾರಿದ ಜಿಂಕೆ ತೊರೆಯ ನೀರನ್ನು ಬಯಸುವ ಹಾಗೆ ನನ್ನ ಮನಸ್ಸು ನಿನ್ನನ್ನು ಬಯಸುತ್ತದೆ ಎಂದು ಅದು ಆರಂಭವಾಗುತ್ತದೆ. ಮದುವೆ ಕಾರ್ಡಿನಲ್ಲೂ ಅಚ್ಚು ಹಾಕಿಸಬಹುದಾದ ಚೆಂದದ ಸಾಲು. ಆದರೆ ಮುಂದೆ ಓದಿದರೆ ಅದನ್ನು ಹಾಡುವವನಿಗೆ ಹಗಲಿರುಳು ಕಣ್ಣೀರೇ ಊಟ, ಜನ ಅವನನ್ನು "ನಿನ್ನ ದೇವರು ಎಲ್ಲಿ?" ಎಂದು ಕೇಳುತ್ತಲೇ ಇದ್ದಾರೆ. ಅವನ ಬಳಿ ಉತ್ತರವಿಲ್ಲ. ತನ್ನ ಮನಸ್ಸಿಗೇ ಸಮಾಧಾನ ಹೇಳಿಕೊಳ್ಳುತ್ತಾನೆ. ಆ ಸಮಾಧಾನ ಒಮ್ಮೆಗೇ ಸಾಲದೆ ಮತ್ತೆ ಹೇಳಿಕೊಳ್ಳುತ್ತಾನೆ. ಇಂಥ ಹಾಡು ಧರ್ಮಗ್ರಂಥದೊಳಗೇ ಇದೆಯಲ್ಲ ಎಂಬುದು ನನಗೆ ಆಗ ಹಿಡಿದುಕೊಳ್ಳಲು ಸಿಕ್ಕ ಹಗ್ಗ.

ಎರಡನೆಯ ವರ್ಷದ ಶುಭ ಶುಕ್ರವಾರ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಆರಾಧನೆ ಅಂದು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ. ಹೊರಗೆ ಉರಿಬಿಸಿಲು, ಒಳಗೆ ಫ್ಯಾನಿನ ಬಿಸಿಗಾಳಿ, ಬಹಳ ಜನರಿಗೆ ಉಪವಾಸ. ಐದನೆಯ ಮಾತು ಬಂತು: "ನನಗೆ ನೀರಡಿಕೆಯಾಗಿದೆ." ನಾವು ಮನೆಯಲ್ಲಿ ಆಡುವ ಅದೇ ಪದ. ಮಕ್ಕಳು ಆಟ ಬಿಟ್ಟು ಓಡಿಬಂದು ಹೇಳುವ ಪದ. ನೂರು ಸಲ ಕೇಳಿದ ಮಾತು ಅಂದು ಮೊದಲ ಸಲ ಕೇಳಿಸಿತು. ಮೈ ಜುಮ್ಮೆಂದಿತು. ಬಾವಿಯ ಬಳಿ ನಡುಮಧ್ಯಾಹ್ನ ಎಂದು ಬರೆದ ಯೋಹಾನನೇ ಯೇಸುವಿಗೆ ಮರಣ ತೀರ್ಪಾದ ಹೊತ್ತನ್ನೂ ನಡುಮಧ್ಯಾಹ್ನ ಎಂದು ಗುರುತಿಸಿದ್ದಾನೆ. ಎರಡು ಮಧ್ಯಾಹ್ನ, ಎರಡು ಸಲವೂ ಒಣಗಿದ ಅದೇ ಗಂಟಲು. ಎರಡು ವರ್ಷ ನಾನೊಬ್ಬಳೇ ದೇವರಿಗಾಗಿ ಬಾಯಾರಿದ್ದೇನೆ ಎಂದುಕೊಂಡಿದ್ದೆ. ಅವನು ನನಗಿಂತ ಮೊದಲೇ ಬಂದು, ದಣಿದು, ಬಾಯಾರಿ ಕುಳಿತಿದ್ದ. ನನಗೆ ಯಾವ ದರ್ಶನವೂ ಆಗಲಿಲ್ಲ, ಬೆಳಕೂ ಕಾಣಲಿಲ್ಲ. ದಾರದಷ್ಟು ಸಣ್ಣಗೆ ಏನೋ ಜಿನುಗಿತು. ಬಹಳ ಅತ್ತೆ.

ಮದರ್ ತೆರೇಸಾ ಸ್ಥಾಪಿಸಿದ ಸಂಸ್ಥೆಯ ಪ್ರಾರ್ಥನಾಲಯಗಳಲ್ಲಿ ಶಿಲುಬೆಯ ಪಕ್ಕದಲ್ಲಿ ನೀರಡಿಕೆಯ ಈ ಒಂದೇ ಮಾತನ್ನು ಬರೆದಿರುತ್ತಾರೆ. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಪತ್ರಗಳು ಹೊರಬಂದವು. ದಶಕಗಳ ಕಾಲ ಅವರೊಳಗೆ ದೇವರ ಸುಳಿವೇ ಇಲ್ಲದ ಕತ್ತಲೆಯಿತ್ತೆಂದು ಆಗ ಜಗತ್ತಿಗೆ ತಿಳಿಯಿತು. ಹಾಗಾದರೆ ಅವರ ನಂಬಿಕೆ ಸುಳ್ಳೇ ಎಂದು ಕೆಲವರು ಕೇಳಿದರು. ನನಗೆ ಹಾಗೆ ಅನಿಸಲೇ ಇಲ್ಲ. ತನ್ನ ಗಂಟಲು ಒಣಗಿರುವಾಗಲೂ ದಿನಾ ಬೆಳಿಗ್ಗೆ ಎದ್ದು ಇನ್ನೊಬ್ಬರ ಬಾಯಿಗೆ ನೀರು ಹಾಕಿದವರು ಅವರು. ಒರತೆ ಎಲ್ಲಿದೆ ಎಂದು ಗೊತ್ತಿಲ್ಲದವರಿಂದ ಅದು ಆಗುವ ಕೆಲಸವಲ್ಲ.

ಮೊನ್ನೆ ಸ್ಟಾಫ್ ರೂಮಿನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಈ ಸಲ ಬಾವಿಯ ಕಥೆಯನ್ನು ಕೊನೆಯವರೆಗೂ ಹೇಳಿದೆ. ಮಾತು ಮುಗಿದಮೇಲೆ ಆ ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು, ಜನರನ್ನು ಕರೆತರಲು ಊರಿಗೆ ಓಡಿದಳು ಎಂದೆ. ನಮ್ಮ ಕಡೆಯ ಯಾವ ಹೆಂಗಸೂ ಬಾವಿಯ ಬಳಿ ಕೊಡ ಬಿಟ್ಟು ಹೋಗುವುದಿಲ್ಲ. ಕೇಳುತ್ತಿದ್ದ ಗೆಳತಿಗೆ ಅದು ತಟ್ಟನೆ ಹೊಳೆಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಅವರು ನೀರು ಕೇಳಿದ್ದರಲ್ಲ. ಕೊನೆಗೆ ಅವರಿಗೆ ನೀರು ಸಿಕ್ಕಿತೇ?" ಎಂದು ಕೇಳಿದರು.

ಯೋಹಾನ ಅದನ್ನು ಬರೆದಿಲ್ಲ. ಕೊಡ ಮಾತ್ರ ಯೇಸುವಿನ ಬಳಿಯೇ ಉಳಿಯಿತು.